ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಹೊತ್ತೆಷ್ಟು?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಜೂನ್ ತಿಂಗಳಲ್ಲಿ ಮೊದಲ ಬಾರಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇನೆ. ಬೆಂಗಳೂರಿನಿಂದ ಬೆಳಗಿನ ಜಾವ 3 ಗಂಟೆಗೆ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ, ಅದೇ ದಿನ ಮಧ್ಯಾಹ್ನ 1 ಗಂಟೆಗೆ ತಲುಪುವುದೆಂದು ಟಿಕೆಟ್‌ನಲ್ಲಿದೆ. ಅಳಿಯಂದಿರು ಇಪ್ಪತ್ತೆರಡು ಗಂಟೆಗೂ ಮೀರಿದ ಪ್ರಯಾಣ ಎನ್ನುತ್ತಾರೆ. ಯಾವುದು ಸರಿ? ದೂರ ಎಷ್ಟು? ನಾನು ದಿನವೂ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತೇನೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅಳಿಯಂದಿರ ಲೆಕ್ಕವೇ ಸರಿ, ಟಿಕೆಟ್ ಕೂಡ ತಪ್ಪಲ್ಲ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯವನ್ನೇ ನಮೂದಿಸಿರುತ್ತಾರೆ. ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ (ಚಳಿಗಾಲದಲ್ಲಿ ಹದಿಮೂರೂವರೆ). ನೀವು ಅಲ್ಲಿ ಇಳಿಯುವಾಗ ಶಿವಮೊಗ್ಗದಲ್ಲಿ ಮರುದಿನದ ನಡುರಾತ್ರಿ ಒಂದೂವರೆ ಆಗಿರುತ್ತದೆ. ಅಂದರೆ ಪ್ರಯಾಣ ಒಟ್ಟು ಇಪ್ಪತ್ತೆರಡೂವರೆ ಗಂಟೆ.

ಇನ್ನು ದೂರದ ಮಾತು. ಎರಡೂ ಊರುಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರ್. ಗೋಡೆಯ ನಕಾಶೆಯಲ್ಲಿ ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದರೆ ಅದೇ ಸಮೀಪದ ದಾರಿಯಂತೆ ಕಂಡರೂ, ಆ ಗೆರೆಯ ಉದ್ದ 16,000 ಕಿಲೋಮೀಟರ್ ದಾಟುತ್ತದೆ. ಮನೆಯಲ್ಲಿ ಮಕ್ಕಳ ಭೂಗೋಳ (ಗ್ಲೋಬ್) ಇದ್ದರೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ: ದಾರವು ಚೀನಾ ಮತ್ತು ಸೈಬೀರಿಯಾಗಳನ್ನು ಹಾದು, ಆರ್ಕ್ಟಿಕ್ ಸಾಗರದ ಅಂಚಿನವರೆಗೂ ಏರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಇದನ್ನು ಕಣ್ಣಾರೆ ಕಂಡಾಗ ಆಗುವ ಬೆರಗು ಯಾವ ಪುಸ್ತಕದಿಂದಲೂ ದೊರೆಯುವುದಿಲ್ಲ. ನೀವು ಹೋಗುತ್ತಿರುವುದು ಪಶ್ಚಿಮದ ದಾರಿ. ಫ್ರಾಂಕ್‌ಫರ್ಟ್‌ವರೆಗೆ ಸುಮಾರು 7,400, ಅಲ್ಲಿಂದ ಮುಂದೆ ಸುಮಾರು 9,150 ಕಿಲೋಮೀಟರ್ ಆಗುವುದರಿಂದ, ಎರಡೂವರೆ ಸಾವಿರ ಕಿಲೋಮೀಟರ್‌ನಷ್ಟು ಸುತ್ತು ಬಳಸಿದಂತಾಗುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಹೋಗುವಾಗ ಎದುರಾಗುತ್ತದೆ; ಅದೇ ದಾರಿಯಲ್ಲಿ ಮರಳುವಾಗ ಬೆನ್ನಿಗಿರುವುದರಿಂದ ಹಾರಾಟದ ಸಮಯ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಮರಳುವಾಗ ಮಾತ್ರ ತಾರೀಕಿನ ಬಗ್ಗೆ ಎಚ್ಚರವಿರಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಹಾರಿಸಿ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನವು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಸುಮಾರು ಹದಿನೇಳು ಗಂಟೆ ಹಾರಿದ ಮೇಲೆ, ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಆದ್ದರಿಂದ ಕರೆದೊಯ್ಯಲು ಬರುವವರಿಗೆ ಹೊರಡುವ ದಿನವನ್ನಲ್ಲ, ಇಳಿಯುವ ದಿನವನ್ನೇ ತಿಳಿಸಿ.

ಮಾತ್ರೆಯ ವಿಷಯದಲ್ಲಿ ತಾರೀಕನ್ನು ನಂಬಬೇಡಿ. ಕೈಗಡಿಯಾರವನ್ನು ದಾರಿಯುದ್ದಕ್ಕೂ ನಮ್ಮ ಊರಿನ ಸಮಯದಲ್ಲೇ ಇಟ್ಟುಕೊಂಡು, ಹಿಂದಿನ ಮಾತ್ರೆಯಿಂದ ಎಷ್ಟು ಗಂಟೆ ಕಳೆದಿದೆ ಎಂಬುದನ್ನು ಲೆಕ್ಕ ಹಾಕಿ. ತಲುಪಿದ ಮೇಲೆ ಮಾತ್ರೆಯನ್ನು ಅಲ್ಲಿನ ಬೆಳಗಿನ ಹೊತ್ತಿಗೆ ಹೇಗೆ ಹೊಂದಿಸಿಕೊಳ್ಳಬೇಕೆಂದು ಹೊರಡುವ ಮುನ್ನವೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ.