ಬಟಾಣಿ ತಣ್ಣಗಾದ ಮೇಲೆ ರುಚಿ ಎಲ್ಲಿ ಹೋಯ್ತು?

ಜನವರಿ ಮುಗಿಯೋವರೆಗೂ ಅವರೆಕಾಳು ಹಿದುಕುವುದರ ಬಗ್ಗೆಯೇ ಬರೆಯುತ್ತಿದ್ದ ಓದುಗರು, ಬಿಸಿಲು ಏರುತ್ತಿದ್ದ ಹಾಗೆ ಫ್ರಿಜ್ ಕಡೆ ತಿರುಗಿದ್ದಾರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಬಟಾಣಿಯದ್ದೇ ಮೇಲುಗೈ. ಹಾಗಾಗಿ ಅದಕ್ಕೊಂದೇ ಪುಟ.

ಪ್ರಶ್ನೆ: ಮೊಮ್ಮಗನ ನಾಮಕರಣಕ್ಕೆ ಮನೆಯಲ್ಲೇ ನಲವತ್ತು ಜನರ ಊಟ ಇಟ್ಟುಕೊಂಡಿದ್ದೆವು. ಕೋಸಂಬರಿ ಬದಲು ಹೊಸದೇನಾದರೂ ಇರಲಿ ಅಂತ ಹಸಿ ಬಟಾಣಿ ಬೇಯಿಸಿ, ಪುದೀನ, ನಿಂಬೆಹಣ್ಣು, ಉಪ್ಪು ಹಾಕಿ ಬೆಳಗ್ಗೆ ಆರಕ್ಕೇ ಕಲಸಿ ಫ್ರಿಜ್ಜಿನಲ್ಲಿಟ್ಟೆ. ಎಲೆ ಹಾಕುವ ಹೊತ್ತಿಗೆ ಬಟಾಣಿ ಸುಕ್ಕುಗಟ್ಟಿ ಖಾಕಿ ಬಣ್ಣಕ್ಕೆ ತಿರುಗಿತ್ತು, ಪುದೀನ ಕಪ್ಪಾಗಿತ್ತು, ಬಾಯಿಗಿಟ್ಟರೆ ಬರೀ ಸಪ್ಪೆ. ಬೀಗರ ಮುಂದೆ ಮುಖ ಸಣ್ಣದಾಯಿತು. ಎಲ್ಲಿ ತಪ್ಪಿದೆ ಹೇಳಿ. (ಬಸವನಗುಡಿಯ ಓದುಗರು)

ಉತ್ತರ: ಸಾಮಾನೆಲ್ಲ ಸರಿಯಾಗೇ ಇದೆಯಮ್ಮ. ಯಾವುದನ್ನು ಯಾವಾಗ ಹಾಕಿದಿರಿ ಅನ್ನುವುದರಲ್ಲಿ ಎಡವಟ್ಟಾಗಿದೆ. ಒಂದೊಂದಾಗಿ ನೋಡೋಣ.

ಮೊದಲು ಬಣ್ಣ. ಎಲೆ, ಕಾಳು ಹಸಿರಾಗಿ ಕಾಣೋದು ಕ್ಲೋರೋಫಿಲ್‌ನಿಂದ. ಅದರ ನಡುವೆ ಒಂದು ಮೆಗ್ನೀಸಿಯಂ ಕಣ ಕೂತಿರುತ್ತೆ. ಹುಳಿ ತಾಗಿದರೆ, ಹೆಚ್ಚು ಹೊತ್ತು ಬೆಂದರೂ ಸರಿ, ಆ ಮೆಗ್ನೀಸಿಯಂ ಜಾಗ ಬಿಟ್ಟು ಹೋಗಿ ಹಸಿರು ಖಾಕಿಯಾಗುತ್ತೆ. ನೀವು ಆರು ಗಂಟೆಗೆ ನಿಂಬೆರಸ ಹಿಂಡಿದ್ದೀರಿ, ಬಡಿಸಿದ್ದು ಹನ್ನೆರಡೂವರೆಗೋ ಒಂದಕ್ಕೋ. ಅಷ್ಟು ಹೊತ್ತು ಹುಳಿಯಲ್ಲಿ ನೆಂದ ಮೇಲೆ ಯಾವ ಬಟಾಣಿಯ ಬಣ್ಣವೂ ನಿಲ್ಲಲ್ಲ. ನಿಂಬೆರಸ, ಮಾವಿನಕಾಯಿ ತುರಿ ಇವೆಲ್ಲ ಎಲೆ ಹಾಕಿದ ಮೇಲೆ ಸೇರಬೇಕಾದವು. ಬೆಳಗ್ಗೆಯೇ ನಿಂಬೆಯ ಘಮ ಬೇಕೇ ಬೇಕು ಅನಿಸಿದರೆ ಸಿಪ್ಪೆಯ ಹಸಿರು ಭಾಗವನ್ನಷ್ಟೇ ಸಣ್ಣಗೆ ತುರಿದು ಹಾಕಿ. ಅದರಲ್ಲಿ ಘಮವಿದೆ, ಹುಳಿಯಿಲ್ಲ. ಒಳಗಿನ ಬಿಳಿ ಭಾಗ ಮಾತ್ರ ಮುಟ್ಟಬೇಡಿ, ಕಹಿ.

ಬಣ್ಣಕ್ಕೆ ಅಡುಗೆ ಸೋಡಾ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಕೇಳಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಒಂದು ಚಿಟಿಕೆ ಹಾಕಿ ಬೇಯಿಸಿದ ಬಟಾಣಿ ಗಿಳಿಹಸಿರಿಗೆ ತಿರುಗಿ ಎಲ್ಲರೂ ಬೆರಗಾದರು. ಸೌಟಿನಲ್ಲಿ ಎತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಬಾಯಲ್ಲಿ ಸೋಪಿನ ಜಾರು. ಸೋಡಾ ಕಾಳಿನ ಗೋಡೆಯನ್ನೇ ಕರಗಿಸುತ್ತೆ, ಜೊತೆಗೆ ಬಿ1 ವಿಟಮಿನ್ನನ್ನೂ ಹಾಳು ಮಾಡುತ್ತೆ. ಬೇಡ.

ಸುಕ್ಕಿಗೆ ಕಾರಣ ಬೇರೆ. ಬಿಸಿ ಬಟಾಣಿಯನ್ನು ಬಸಿದು ತಟ್ಟೆಯಲ್ಲಿ ಹರಡಿ ಆರಲು ಬಿಟ್ಟಿರುತ್ತೀರಿ. ಒಳಗಿನ ಹಬೆ ಹೊರಗೆ ಹೋಗಿ ಕಾಳು ಕುಗ್ಗುತ್ತೆ, ಸಿಪ್ಪೆ ಮಡಿಚಿಕೊಳ್ಳುತ್ತೆ. ಬಟಾಣಿ ನೀರಿನೊಳಗೇ ತಣ್ಣಗಾಗಬೇಕು, ಆಗ ಗುಂಡಗೆ ಉಳಿಯುತ್ತೆ. ಹಾಗಂತ ನಲ್ಲಿ ನೀರು ಸಾಲದು. ಬೇಸಿಗೆಯ ಬೆಂಗಳೂರಿನಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ನೀರು ಬೆಳಗ್ಗೆ ಹತ್ತಕ್ಕೆಲ್ಲ ಸ್ನಾನಕ್ಕಾಗುವಷ್ಟು ಬೆಚ್ಚಗಿರುತ್ತೆ. ಹಿಂದಿನ ರಾತ್ರಿಯೇ ಎರಡು ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿಸಿ ಫ್ರೀಜರ್‌ನಲ್ಲಿಟ್ಟರೆ ದೊಡ್ಡ ಐಸ್ ಗಡ್ಡೆ ಸಿಗುತ್ತೆ, ಟ್ರೇನಲ್ಲಿ ಮಾಡುವ ಚಿಕ್ಕ ತುಂಡುಗಳಂತೆ ಕ್ಷಣದಲ್ಲಿ ಕರಗಿಹೋಗಲ್ಲ.

ನಾನು ಮಾಡುವ ಕ್ರಮ ಹೀಗೆ. ಮೂರು ಲೀಟರ್ ನೀರು, ಎರಡು ಚಮಚ ಉಪ್ಪು, ಮುಚ್ಚಳ ಇಲ್ಲದ ಅಗಲ ಪಾತ್ರೆ. ಮುಚ್ಚಿದರೆ ಕಾಳಿನಿಂದ ಹೊರಡುವ ಹುಳಿ ಆವಿ ಮತ್ತೆ ನೀರಿಗೇ ಬೀಳುತ್ತೆ. ನೀರು ಮರಳುವಾಗ ಕಾಲು ಕೆಜಿ ಸುಲಿದ ಬಟಾಣಿ ಹಾಕಿ, ಎರಡು ನಿಮಿಷ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಆದ್ದರಿಂದ ಕಾಳು ಬಲಿತಿದ್ದರೆ ಇನ್ನರ್ಧ ನಿಮಿಷ ಹೆಚ್ಚು ಕೊಡಿ. ಗಡಿಯಾರಕ್ಕಿಂತ ಹಲ್ಲನ್ನು ನಂಬಿ, ಒಂದು ಕಾಳು ಕಚ್ಚಿ ನೋಡಿ. ಸಿಪ್ಪೆ ಟಪ್ ಅಂತ ಒಡೆದು ಒಳಗೆ ಮೆತ್ತಗಿದ್ದರೆ ಆಯ್ತು, ಜಾಲರಿ ಸೌಟಿನಲ್ಲಿ ಎತ್ತಿ ನೇರ ಐಸ್ ನೀರಿಗೆ. ಐದು ನಿಮಿಷ ಬಿಟ್ಟು ಬಸಿದು, ಬಟ್ಟೆಯ ಮೇಲೆ ಒರೆಸಿ. ನಲವತ್ತು ಜನರಿಗೆ ಸುಲಿದ ಬಟಾಣಿ ಎರಡು ಕೆಜಿ ಬೇಕು, ಅಂದರೆ ಕಾಯಿ ನಾಲ್ಕೂವರೆ ಕೆಜಿ. ಎರಡು ಕೆಜಿಯನ್ನೂ ಒಂದೇ ಸಲ ಸುರಿದರೆ ಕುದಿ ನಿಂತು ಕಾಳು ನೆನೆಯುತ್ತಾ ಕೂರುತ್ತೆ, ಎಂಟು ಸರ್ತಿ ಹಾಕಿ ಎಂಟು ಸರ್ತಿ ತೆಗೆಯಿರಿ. ಬೇಸರದ ಕೆಲಸ, ಒಪ್ಪುತ್ತೇನೆ. ಐಸ್ ನೀರಿನ ಕಡೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.

ಕೊನೆಗೆ ಸಪ್ಪೆ. ಕರಗಿದ ಐಸ್‌ಕ್ರೀಂ ಕುಡಿದು ನೋಡಿದ್ದೀರಾ? ಗಟ್ಟಿಯಿದ್ದಾಗ ಹಿತವಾಗಿದ್ದದ್ದು ಕರಗಿದರೆ ಅತಿ ಸಿಹಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ, ಘಮವೂ ಮೇಲೇಳಲ್ಲ. ಬಟಾಣಿಯ ಬಂಡವಾಳವೇ ಅದರ ಸಿಹಿ, ಅದನ್ನೇ ಫ್ರಿಜ್ ನುಂಗುತ್ತೆ. ಬಿಸಿಯಿರುವಾಗ ನೋಡಿ ಹಾಕಿದ ಉಪ್ಪಿನ ಲೆಕ್ಕವೂ ತಣ್ಣಗಾದ ಮೇಲೆ ತಪ್ಪುತ್ತೆ. ತಣ್ಣಗಾದ ಮೇಲೆ ರುಚಿ ನೋಡಿ ಉಪ್ಪು ಹೊಂದಿಸಿ, ಚಿಟಿಕೆ ಸಕ್ಕರೆ ಹಾಕಲು ನಾಚಬೇಡಿ, ಬಡಿಸುವ ಕಾಲು ಗಂಟೆ ಮೊದಲು ಹೊರಗೆ ತೆಗೆದಿಡಿ.

ಇನ್ನು ಒಗ್ಗರಣೆ. ಕೊಬ್ಬರಿ ಎಣ್ಣೆ, ತುಪ್ಪ ಎರಡೂ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿ ಕಾಳಿನ ಮೇಲೆ ಮೇಣದ ಹಾಗೆ ಕೂರುತ್ತವೆ. ತಣ್ಣನೆಯ ಪದಾರ್ಥಕ್ಕೆ ಕಡಲೆಕಾಯಿ ಎಣ್ಣೆಯೋ ಎಳ್ಳೆಣ್ಣೆಯೋ ಇರಲಿ. ಸಾಸಿವೆ, ಇಂಗು, ಸೀಳಿದ ಹಸಿಮೆಣಸಿನಕಾಯಿ ಸಾಕು, ಪೂರ್ತಿ ಆರಿದ ಮೇಲೆ ಹಾಕಿ. ಪುದೀನ, ಕಾಯಿತುರಿ ಎಲೆ ಹಾಕುವಾಗ. ಪುದೀನವನ್ನು ಮೊಂಡು ಚಾಕುವಿನಲ್ಲಿ ಕೊಚ್ಚಿದರೆ ಜಜ್ಜಿದ ಕಡೆಯೆಲ್ಲ ಗಾಳಿ ತಾಗಿ ಕಪ್ಪಾಗುತ್ತೆ, ಬದನೆಕಾಯಿ ಹೆಚ್ಚಿಟ್ಟರೆ ಆಗುವ ಹಾಗೆಯೇ. ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಸುರುಳಿ ಸುತ್ತಿ, ಹರಿತವಾದ ಚಾಕುವಿನಲ್ಲಿ ಒಂದೇ ಎಳೆತಕ್ಕೆ ಕತ್ತರಿಸಿ. ಇಲ್ಲವೇ ಕೈಯಲ್ಲಿ ಹರಿದು ಹಾಕಿ.

ಪ್ರಶ್ನೆ: ಮಾರ್ಕೆಟ್ಟಿನಿಂದ ಚೆನ್ನಾಗಿ ಕಂಡ ಬಟಾಣಿಕಾಯಿ ತಂದೆ. ಎರಡು ದಿನ ಬಿಟ್ಟು ಸುಲಿದರೆ ಹಿಟ್ಟು ಹಿಟ್ಟು. ಮೋಸ ಹೋದೆನಾ? (ರಾಜಾಜಿನಗರ)

ಉತ್ತರ: ಮೋಸ ಮಾಡಿದ್ದು ಆ ಎರಡು ದಿನ. ಕೊಯ್ದ ಗಳಿಗೆಯಿಂದಲೇ ಬಟಾಣಿ ತನ್ನ ಸಕ್ಕರೆಯನ್ನು ಪಿಷ್ಟ ಮಾಡಿಕೊಳ್ಳಲು ಶುರು ಮಾಡುತ್ತೆ, ಸೆಖೆಯಲ್ಲಿ ಇನ್ನೂ ಬೇಗ. ತಂದ ದಿನವೇ ಸುಲಿದು, ಮೇಲೆ ಹೇಳಿದ ಹಾಗೆ ಕುದಿನೀರಿಗೆ ಹಾಕಿ ತೆಗೆದಿಡಿ. ಅಷ್ಟಕ್ಕೆ ಸಮಯವಿಲ್ಲದಿದ್ದರೆ ಕಾಯಿಯನ್ನು ಹಾಗೇ ಫ್ರಿಜ್ಜಿಗೆ ಹಾಕಿ. ಕೊಳ್ಳುವಾಗ ಕಾಯಿ ಉಬ್ಬಿ ಬಿಗಿದಿರುವುದನ್ನು ಬಿಟ್ಟು, ಕಾಳು ಕೈಗೆ ತಗಲುತ್ತಿದ್ದರೂ ಇನ್ನೂ ಜಾಗ ಉಳಿದಿರುವುದನ್ನು ಆರಿಸಿ. ಎರಡು ಕಾಯಿ ಉಜ್ಜಿದರೆ ಕಿರ್ ಅನ್ನಬೇಕು.

ಸಿಹಿಗೆ ತಳಿಯೂ ಕಾರಣ. 1856ರಿಂದ 1863ರವರೆಗೆ ಮೆಂಡಲ್ ತಮ್ಮ ಮಠದ ತೋಟದಲ್ಲಿ ಬಟಾಣಿ ಬೆಳೆಸಿ ಗುಂಡು ಬೀಜ, ಸುಕ್ಕು ಬೀಜ ಅಂತ ಲೆಕ್ಕ ಹಾಕಿದ್ದನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಆ ಸುಕ್ಕಿನ ಗುಟ್ಟು ಇದೇ. ಅದರಲ್ಲಿ ಪಿಷ್ಟ ಕಟ್ಟುವ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡಲ್ಲ. ಸಕ್ಕರೆ ಸಕ್ಕರೆಯಾಗೇ ಉಳಿಯುತ್ತೆ, ಒಣಗಿದಾಗ ಬೀಜ ಸುಕ್ಕಾಗುತ್ತೆ. ಹಸಿಯಾಗಿ ತಿನ್ನಲು ಬೆಳೆಯುವ ಆರ್ಕೆಲ್‌ನಂಥ ತಳಿಗಳು ಈ ಸುಕ್ಕು ಬೀಜದ ವಂಶದವು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿಪ್ಪೆ ಸಮೇತ ತಿನ್ನುವ ಅರ್ಕಾ ಸಂಪೂರ್ಣ ಅನ್ನುವ ತಳಿಯನ್ನೂ ಕೊಟ್ಟಿದ್ದಾರೆ. ಎಲ್ಲಾದರೂ ಕಂಡರೆ ಬಿಡಬೇಡಿ, ಓರೆಯಾಗಿ ಕತ್ತರಿಸಿ ಒಂದೇ ನಿಮಿಷ ಕುದಿನೀರು ತೋರಿಸಿದರೆ ಸಾಕು.

ಪ್ರಶ್ನೆ: ಫ್ರೋಜನ್ ಬಟಾಣಿಯನ್ನು ಕರಗಿಸಿ ಹಾಗೇ ಸಲಾಡಿಗೆ ಹಾಕಬಹುದಾ? ಪ್ಯಾಕೆಟ್ಟಿಗೆ ಹಾಕುವ ಮೊದಲೇ ಬೇಯಿಸಿರುತ್ತಾರಂತೆ. (ವಿಜಯನಗರ)

ಉತ್ತರ: ಬೇಯಿಸಿರಲ್ಲ, ಬಿಸಿ ಮುಟ್ಟಿಸಿರುತ್ತಾರೆ ಅಷ್ಟೆ. ಬಣ್ಣ, ರುಚಿ ಕೆಡಿಸುವ ಕಿಣ್ವಗಳನ್ನು ಸುಮ್ಮನಾಗಿಸಲು ಅದು. ಆಮೇಲೆ ಏನಾದರೂ ಸೇರಿಕೊಂಡರೆ ಫ್ರೀಜರ್ ಅದನ್ನು ಕೊಲ್ಲಲ್ಲ, ಮಲಗಿಸುತ್ತೆ. 2015ರಿಂದ 2018ರವರೆಗೆ ಯುರೋಪಿನ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಲಿಸ್ಟೀರಿಯಾ ಕಾಯಿಲೆಯ ಜಾಡು ಫ್ರೋಜನ್ ಮುಸುಕಿನ ಜೋಳದವರೆಗೆ ಹೋಯಿತು. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಮನೆಯಲ್ಲಿ ಬಸುರಿಯರು, ವಯಸ್ಸಾದವರು ಇದ್ದರಂತೂ ಹಸಿ ಹಸಿ ಬೇಡವೇ ಬೇಡ. ಕುದಿಯುವ ನೀರಿಗೆ ಹಾಕಿ, ನೀರು ಮತ್ತೆ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ತೆಗೆದು ಐಸ್ ನೀರಿಗೆ ಹಾಕಿ. ಅದಕ್ಕಿಂತ ಹೆಚ್ಚು ಬೇಡ, ಮೊದಲೇ ಮೆತ್ತಗಿರುತ್ತೆ. ಒಂದು ಮಾತು, ಬೇಸಿಗೆಯಲ್ಲಿ ಹಳೇ ಕಾಯಿ ತರುವುದಕ್ಕಿಂತ ಫ್ರೋಜನ್ನೇ ಎಷ್ಟೋ ಸಿಹಿ. ಅದರಲ್ಲಿ ಅವಮಾನವೇನಿಲ್ಲ.

ಪ್ರಶ್ನೆ: ಕೊತ್ತಂಬರಿ, ಪುದೀನ ಬಿಟ್ಟರೆ ಬಟಾಣಿಗೆ ಬೇರೆ ಯಾವ ಸೊಪ್ಪು ಹೊಂದುತ್ತೆ? ಹೊರದೇಶದ ಅಡುಗೆ ಚಾನೆಲ್‌ಗಳಲ್ಲಿ ಏನೇನೋ ಹೆಸರು ಹೇಳುತ್ತಾರೆ. (ಮಲ್ಲೇಶ್ವರ)

ಉತ್ತರ: ಸಬ್ಬಸಿಗೆ! ಅವರೆಕಾಳಿನ ಜೊತೆ ಸಬ್ಬಸಿಗೆ ಹಾಕಿ ಅಕ್ಕಿರೊಟ್ಟಿ ತಟ್ಟುವ ಊರಿನವರು ನಾವು, ಬಟಾಣಿಗೆ ಮಾತ್ರ ಯಾಕೆ ಮರೆಯುತ್ತೇವೋ. ಅದು ಪುದೀನದ ಹಾಗೆ ಬೇಗ ಕಪ್ಪಾಗಲ್ಲ, ಮೊಸರಿನ ಜೊತೆಗಂತೂ ಹೇಳಿ ಮಾಡಿಸಿದ ಜೋಡಿ. ಎರಡು ಬಟ್ಟಲು ಬಟಾಣಿಗೆ ಒಂದು ಹಿಡಿಗಿಂತ ಹೆಚ್ಚು ಬೇಡ, ಮೇಲುಗೈ ಮಾಡುತ್ತೆ. ಕೊತ್ತಂಬರಿಯಲ್ಲಿ ಎಲೆಗಿಂತ ಎಳೆ ದಂಟು ಮುಖ್ಯ, ಸಣ್ಣಗೆ ಹೆಚ್ಚಿ ಹಾಕಿದರೆ ಕರುಂ ಅನ್ನುತ್ತೆ. ಪುದೀನದ ದಂಟು ಬಿಸಾಡಿ. ಒಂದೆಲಗ ಹಸಿಯಾಗೇ ಆಗುತ್ತೆ, ನಾಲ್ಕೈದು ಎಲೆ. ದೊಡ್ಡಪತ್ರೆ ಹಸಿಯಾಗಿ ಖಾರ, ಒರಟು. ಬಾಡಿಸಿಯೇ ಹಾಕಿ.

ಚಾನೆಲ್‌ನವರು ಮಾರ್ಜೋರಂ ಅನ್ನುವುದು ಬೇರೇನಲ್ಲ, ನಾವು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಮರುಗ. ಅವರು ತಟ್ಟೆಗೆ, ನಾವು ತಲೆಗೆ. ಬಟಾಣಿಗೆ ನಿಜಕ್ಕೂ ಚೆನ್ನಾಗಿರುತ್ತೆ. ಆದರೆ ಹೂವಿನ ಅಂಗಡಿಯಿಂದ ತಂದು ತಿನ್ನಬೇಡಿ, ಮುಡಿಯಲು ಬೆಳೆದದ್ದಕ್ಕೆ ಏನು ಸಿಂಪಡಿಸಿರುತ್ತಾರೋ. ಒಂದು ಕಡ್ಡಿ ಕುಂಡದಲ್ಲಿ ನೆಟ್ಟರೆ ಚಿಗುರುತ್ತೆ, ಹೊಸ ಚಿಗುರು ಬಳಸಿ. ಬೇಸಿಲ್ ಅನ್ನುವುದು ಕಾಮಕಸ್ತೂರಿಯ ಜಾತಿಯದ್ದೇ.

ಹಸಿಯಾಗಿ ತಿನ್ನುವ ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದೋ ನಮಗೆ ಗೊತ್ತಿರಲ್ಲ. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಸೊಪ್ಪನ್ನು ಮೇಲೆತ್ತಿ, ನೀರು ಚೆಲ್ಲಿ. ಪಾತ್ರೆಯನ್ನೇ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತೆ. ಮೂರು ನೀರು ಆಗಲಿ. ಆಮೇಲೆ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಬಾಲ್ಕನಿಯಲ್ಲಿ ನಿಂತು ಗಿರಗಿರ ಬೀಸಿ. ಕೆಳಮನೆಯವರು ಒಣಗಲು ಹಾಕಿದ ಬಟ್ಟೆ ನೋಡಿಕೊಂಡು.

ಪ್ರಶ್ನೆ: ಬಟಾಣಿ ಮೊಸರು ಬಜ್ಜಿಯನ್ನು ಆಫೀಸಿಗೆ ಡಬ್ಬಿಯಲ್ಲಿ ಒಯ್ಯಬಹುದಾ? ಮನೆ ಬಿಡುವುದು ಎಂಟಕ್ಕೆ, ಊಟ ಒಂದೂವರೆಗೆ. (ಮಾರತಹಳ್ಳಿ)

ಉತ್ತರ: ಆಫೀಸಿನಲ್ಲಿ ಫ್ರಿಜ್ ಇದ್ದರೆ ಆಗುತ್ತೆ, ತಲುಪಿದ ಕೂಡಲೇ ಇಡಿ. ಬೆಂದ ಕಾಳು ಹೊರಗಿನ ಸೆಖೆಯಲ್ಲಿ ಎರಡು ಗಂಟೆ ಮೀರಬಾರದು, ರಿಂಗ್ ರೋಡ್ ಟ್ರಾಫಿಕ್ಕಿನಲ್ಲೇ ಅರ್ಧ ಮುಗಿದಿರುತ್ತೆ. ಮೊಸರು ಒಂದು ಡಬ್ಬಿ, ಬಟಾಣಿ ಸಬ್ಬಸಿಗೆ ಒಂದು ಡಬ್ಬಿ, ಉಪ್ಪು ಪೊಟ್ಟಣದಲ್ಲಿ. ಕೂತಾಗ ಕಲಸಿ. ಮೊದಲೇ ಉಪ್ಪು ಹಾಕಿದರೆ, ಸೌತೆಕಾಯಿಯೂ ಇದ್ದರೆ, ಡಬ್ಬಿ ತೆರೆದಾಗ ಸಿಗುವುದು ಮಜ್ಜಿಗೆ. ಬೇಯಿಸಿದ ಬಟಾಣಿ ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ.

ಪ್ರಶ್ನೆ: ಅಂಗಡಿಯ ಒಣ ಹಸಿರು ಬಟಾಣಿ ನೆನೆಹಾಕಿದರೆ ನೀರು ಹಸಿರಾಯ್ತು. ಬಳಸಬಹುದಾ? (ಬನಶಂಕರಿ)

ಉತ್ತರ: ಬೇಡ, ಬಿಸಾಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಟ್ಟಿರುವ ಮನೆ ಪರೀಕ್ಷೆಯೂ ಇದೇ. ಗಾಜಿನ ಲೋಟದ ನೀರಿಗೆ ಕಾಳು ಹಾಕಿ ಅರ್ಧ ಗಂಟೆ ನೋಡಿ, ಬಣ್ಣ ಬಿಟ್ಟರೆ ಕಲಬೆರಕೆ. ಮಾಲಕೈಟ್ ಗ್ರೀನ್ ಅನ್ನುವ ಬಟ್ಟೆಯ ಬಣ್ಣವನ್ನು ಇದಕ್ಕೆ ಬಳಸುವುದುಂಟು, ಆಹಾರದಲ್ಲಿ ಅದಕ್ಕೆ ಅನುಮತಿಯಿಲ್ಲ. ಒಳ್ಳೆಯ ಒಣ ಬಟಾಣಿ ಸಿಕ್ಕರೂ ಅದು ಈ ತಣ್ಣನೆಯ ಪದಾರ್ಥಗಳಿಗಲ್ಲ, ಸಾಗುವಿಗೆ, ಚುರುಮುರಿಗೆ ಇರಲಿ.

ಪ್ರಶ್ನೆ: ಅತ್ತೆಗೆ ಎಂಬತ್ತಾಗಿದೆ, ಕಾಳು ಅಗಿಯಲು ಆಗಲ್ಲ. ಮನೆಯವರೆಲ್ಲ ತಣ್ಣಗೆ ತಿನ್ನುವಾಗ ಅವರಿಗೇನು ಕೊಡಲಿ? (ತ್ಯಾಗರಾಜನಗರ)

ಉತ್ತರ: ಬಟಾಣಿ ತಂಬುಳಿ ಮಾಡಿಕೊಡಿ. ಅರ್ಧ ಚಮಚ ಎಣ್ಣೆಯಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸುಕಾಳು ಹುರಿದು, ಅದೇ ಬಾಣಲೆಯಲ್ಲಿ ನಾಲ್ಕು ದೊಡ್ಡಪತ್ರೆ ಎಲೆ ಬಾಡಿಸಿ. ಮುಕ್ಕಾಲು ಬಟ್ಟಲು ಬಟಾಣಿಯನ್ನು ಈ ಸಲ ಮೆತ್ತಗಾಗುವಷ್ಟು ಬೇಯಿಸಿ ತಣಿಸಿ, ಎರಡು ಚಮಚ ಕಾಯಿತುರಿಯ ಜೊತೆ ಎಲ್ಲವನ್ನೂ ನುಣ್ಣಗೆ ರುಬ್ಬಿ. ಬಟಾಣಿ ಸಿಪ್ಪೆ ಗಂಟಲಿಗೆ ಅಂಟುವಂತಿದ್ದರೆ ಜರಡಿಯಲ್ಲಿ ಒಮ್ಮೆ ಉಜ್ಜಿಬಿಡಿ. ಹುಳಿಯಿಲ್ಲದ ಮೊಸರು ಒಂದೂವರೆ ಬಟ್ಟಲು ಕಡೆದು ಸೇರಿಸಿ, ಉಪ್ಪು. ಕುದಿಸುವ ಮಾತೇ ಇಲ್ಲ. ಮೇಲೆ ಸಾಸಿವೆ ಒಗ್ಗರಣೆ, ಒಂದು ಬಾಳಕದ ಮೆಣಸಿನಕಾಯಿ ಮುರಿದು ಹಾಕಿ. ಮೆತ್ತನೆ ಅನ್ನಕ್ಕೆ ಕಲಸಿಕೊಡಿ, ಉಳಿದದ್ದನ್ನು ಲೋಟಕ್ಕೆ ಹಾಕಿ ಕುಡಿಯಲು ಕೊಡಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, ಅವರ ಹಲ್ಲಿಗೆ ಜುಮ್ ಅನ್ನುತ್ತೆ.