ರಿಮೋಟ್ ಕೆಲಸಕ್ಕೂ ಒಂದು ಊರಿರುತ್ತೆ

ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನೀವು ಕೇಳಿದಿರಿ: "ಅಕ್ಕಾ, ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳಾಯ್ತು, ಜರ್ಮನ್ ಇನ್ನೂ ಬರಲ್ಲ. ಲಿಂಕ್ಡ್‌ಇನ್‌ನಲ್ಲಿ ರಿಮೋಟ್ ಅಂತ ಕಂಡದ್ದಕ್ಕೆಲ್ಲ ಅಪ್ಲೈ ಮಾಡಿದ್ದೀನಿ, ಇನ್ನೂರರ ಹತ್ತಿರ ಆಗಿರಬೇಕು, ಒಬ್ಬರೂ ಮಾತಾಡಿಸಿಲ್ಲ. ಮನೆಯಲ್ಲೇ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡೋಕೆ ಆಗುತ್ತಾ ಇಲ್ವಾ?" ಹೋಳಿಗೆ ತಟ್ಟೆ ಹಿಡ್ಕೊಂಡು ಹೇಳಿ ಮುಗಿಸೋ ಮಾತಲ್ಲ, ಅದಕ್ಕೇ ಬರೀತಿದ್ದೀನಿ.

ಆಗುತ್ತೆ. ಆದರೆ ಅವತ್ತು ಫೋನಲ್ಲಿ ನನಗೆ ತೋರಿಸಿದಿರಲ್ಲ, ಆ ಜಾಹೀರಾತನ್ನ ಇನ್ನೊಮ್ಮೆ ತೆಗೆದು ನೋಡಿ. ಮೇಲೆ ದಪ್ಪಕ್ಷರದಲ್ಲಿ ಟೆಸ್ಟ್ ಇಂಜಿನಿಯರ್, ರಿಮೋಟ್. ರಜೆ, ಬೋನಸ್ಸು ಎಲ್ಲ ದಾಟಿ ತಳಕ್ಕೆ ಹೋದರೆ ಒಂದು ಸಾಲು: ಅಭ್ಯರ್ಥಿ ಅಮೆರಿಕದಲ್ಲೇ ವಾಸವಿರಬೇಕು. ನಿಮ್ಮ ಇನ್ನೂರರಲ್ಲಿ ಅರ್ಧಕ್ಕರ್ಧ ಇಂಥವೇ ಇರುತ್ತವೆ ಅಂತ ನನ್ನ ಗುಮಾನಿ. ಕಾರಣ ಇಷ್ಟೇ, ನೀವು ಎಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೀರೋ ಆ ದೇಶದ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಂಪನಿಯ ಕೊರಳಿಗೆ ಬೀಳುತ್ತೆ. ಒಬ್ಬರಿಗೋಸ್ಕರ ಆ ಉಸಾಬರಿ ಯಾರಿಗೆ ಬೇಕು?

ನಾನು ಇದನ್ನ ದುಡ್ಡು ಕೊಟ್ಟು ಕಲಿತವಳು. ಇಲ್ಲಿಗೆ ಬಂದ ಹೊಸದರಲ್ಲಿ ಬೆಂಗಳೂರಿನ ನನ್ನ ಹಳೇ ಕಂಪನಿಯವರು "ಅಲ್ಲಿಂದಲೇ ಮುಂದುವರಿಸಿ, ಏನೂ ತೊಂದರೆ ಇಲ್ಲ" ಅಂದರು. ಏಳು ತಿಂಗಳು ಸಂಬಳ ಜಯನಗರದ ಬ್ಯಾಂಕಿಗೆ ಬೀಳ್ತಿತ್ತು, ಟಿಡಿಎಸ್ ಅಲ್ಲೇ ಕಡಿತ. ಯಜಮಾನರ ಜೊತೆ ತೆರಿಗೆ ಲೆಕ್ಕ ಕೊಡೋಕೆ ಹೋದಾಗ ಸ್ಟಾಯರ್‌ಬೆರಾಟರ್, ಅಂದ್ರೆ ನಮ್ಮ ಆಡಿಟರ್ ಇದ್ದ ಹಾಗೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು: "ಕೆಲಸ ಮಾಡುವಾಗ ನೀವು ಎಲ್ಲಿ ಕೂತಿದ್ರಿ?" ಅಡುಗೆಮನೆಯಲ್ಲಿ, ಅಂದೆ. ಇಲ್ಲಿ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದನ್ನ ವಾಪಸ್ ತಗೊಳ್ಳೋಷ್ಟರಲ್ಲಿ ಇನ್ನೊಂದು ಯುಗಾದಿ ಬಂದಿತ್ತು.

ಹಾಗಾಗಿ ನಿಮಗಿರೋದು ಎರಡು ದಾರಿ. ಜರ್ಮನಿಯಲ್ಲಿ ಸ್ವಂತ ಶಾಖೆ ಇರೋ ಕಂಪನಿ, ಇಲ್ಲಾ ಡೀಲ್, ರಿಮೋಟ್ ಅನ್ನೋ ಹೆಸರಿನ ಕಂಪನಿಗಳ ಥರದ ಮಧ್ಯವರ್ತಿ ಸಂಸ್ಥೆಯ ಮೂಲಕ ಇಲ್ಲೇ ಸಂಬಳ ಕೊಡೋ ಕಂಪನಿ ಹುಡುಕೋದು ಒಂದು. ಇನ್ನೊಂದು ಫ್ರೀಲಾನ್ಸ್. ಎರಡನೆಯದು ಸುಲಭ ಅಂತ ಕಾಣುತ್ತೆ, ಅಲ್ಲ. ನಿಮ್ಮ ರೆಸಿಡೆನ್ಸ್ ಕಾರ್ಡ್ ತೆಗೆದು ಓದಿ: "ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್ಲೌಬ್ಟ್" ಅಂತಿದ್ದರೆ ನೌಕರಿ, ಸ್ವಂತ ಕೆಲಸ ಎರಡಕ್ಕೂ ಅನುಮತಿ ಇದೆ. ಆಮೇಲೆ ತೆರಿಗೆ ಕಚೇರಿಯಲ್ಲಿ ನೋಂದಣಿ. ಈಗ ನೀವು ಯಜಮಾನರ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಬಿಟ್ಟಿ ಸೇರಿದ್ದೀರಲ್ಲ, ಅದಕ್ಕೆ ಆದಾಯದ ಮಿತಿ 2025ರಲ್ಲಿ ತಿಂಗಳಿಗೆ ಬರೀ 535 ಯೂರೋ ಇತ್ತು. ದಾಟಿದರೆ ವಿಮೆ ನಿಮ್ಮ ಜೇಬಿನಿಂದ. ವರ್ಷವಿಡೀ ಒಬ್ಬನೇ ಗಿರಾಕಿಗೆ ಬಿಲ್ ಹಾಕ್ತಿದ್ದರೆ "ಇದು ಮಾರುವೇಷದ ನೌಕರಿ" ಅಂತ ಇಲಾಖೆಯವರು ಬೇರೆ ಹಿಡಿಯಬಹುದು.

ಇನ್ನು ಪ್ರೊಫೈಲು. ಬೇಜಾರು ಮಾಡ್ಕೋಬೇಡಿ, ನಿಮ್ಮದು ನೋಡಿದೆ. ಊರು ಇನ್ನೂ ಬೆಂಗಳೂರು ಅಂತಿದೆ! ರಿಕ್ರೂಟರ್‌ಗಳು ಊರು ಹಾಕಿ ಹುಡುಕುತ್ತಾರೆ. ಮ್ಯೂನಿಕ್ ಅಂತ ಹುಡುಕಿದವರಿಗೆ ನೀವು ಸಿಗೋದೇ ಇಲ್ಲ. ಹೆಸರಿನ ಕೆಳಗೆ "ಅವಕಾಶ ಹುಡುಕುತ್ತಿದ್ದೇನೆ" ಅನ್ನೋದನ್ನ ಅಳಿಸಿ. ಯುಪಿಐ ಟೆಸ್ಟಿಂಗ್‌ನಲ್ಲಿ ಆರು ವರ್ಷ ದುಡಿದಿದ್ದೀರಿ, ಅದನ್ನ ತಗೊಂಡು ಹೋಗಿ ನಾಲ್ಕನೇ ಸಾಲಲ್ಲಿ ಮುಚ್ಚಿಟ್ಟಿದ್ದೀರಲ್ಲ! ಯೂರೋ ವಲಯದ ಬ್ಯಾಂಕುಗಳು 10 ಸೆಕೆಂಡಿನಲ್ಲಿ ದುಡ್ಡು ತಲುಪಿಸಲೇಬೇಕು ಅನ್ನೋ ನಿಯಮ ಪೂರ್ತಿ ಜಾರಿಗೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ನಮ್ಮೂರಲ್ಲಿ ಎಳನೀರಿನವರು 2018ರಲ್ಲೇ ಸ್ಕ್ಯಾನ್ ಮಾಡಿಸ್ಕೊಳ್ತಿದ್ದರು. ನಿಮ್ಮ ಅನುಭವಕ್ಕೆ ಇಲ್ಲಿ ಬೆಲೆ ಇದೆ, ಅದು ಮೊದಲ ಸಾಲಿಗೆ ಬರಲಿ.

ಒಂದೇ ಬಟನ್ ಒತ್ತಿ ಅಪ್ಲೈ ಮಾಡೋದು ಸಾಕು ಮಾಡಿ. ನನಗೆ ಈಗಿನ ಕೆಲಸ ಸಿಕ್ಕಿದ್ದು ಡಬ್ಲಿನ್‌ಗೆ ಹೋಗಿದ್ದ ಹಳೇ ಸಹೋದ್ಯೋಗಿಗೆ ಬರೆದ ಮೂರು ಸಾಲಿನಿಂದ: ಮ್ಯೂನಿಕ್‌ನಲ್ಲಿದ್ದೀನಿ, ಕೆಲಸಕ್ಕೆ ಅನುಮತಿ ಇದೆ, ನಿಮ್ಮ ತಂಡದ ಈ ಹುದ್ದೆ ಜರ್ಮನಿಯಲ್ಲಿ ಇರೋರಿಗೂ ತೆರೆದಿದೆಯಾ? ಕೆಲಸ ಕೊಡಿಸಿ ಅಂತ ಕೇಳಲಿಲ್ಲ. ಹೌದು, ಇಲ್ಲ ಅನ್ನಬಹುದಾದ ಪ್ರಶ್ನೆಗೆ ಜನ ಉತ್ತರ ಕೊಡ್ತಾರೆ. ಕ್ಸಿಂಗ್ ಅಂತ ಲಿಂಕ್ಡ್‌ಇನ್ ಥರದ, ಜರ್ಮನ್ನರದ್ದೇ ಒಂದು ತಾಣ ಇದೆ; ಭಾಷೆ ಸ್ವಲ್ಪ ಬಂದ ಮೇಲೆ ನೋಡಿದರಾಯ್ತು.

ಅಮೆರಿಕದವರು ಇಂಟರ್‌ವ್ಯೂಗೆ ಕರೆದರೆ, ಮಾರ್ಚ್‌ನಲ್ಲಿ ಎಚ್ಚರ. ಗಡಿಯಾರವನ್ನ ಅವರು ನಮಗಿಂತ ಎರಡು-ಮೂರು ವಾರ ಮೊದಲೇ ಮುಂದಕ್ಕೆ ಹಾಕ್ತಾರೆ. ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತು ಗಂಟೆ ವ್ಯತ್ಯಾಸ ಅಂತ ಲೆಕ್ಕ ಹಾಕಿ, ರೇಷ್ಮೆ ದುಪಟ್ಟಾ ಹಾಕ್ಕೊಂಡು ಕ್ಯಾಮೆರಾ ಮುಂದೆ ಕೂತೆ. ಆ ವಾರ ವ್ಯತ್ಯಾಸ ಎಂಟೇ ಗಂಟೆ; ಕರೆ ಒಂದು ಗಂಟೆ ಹಿಂದೆಯೇ ಶುರುವಾಗಿ ಮುಗಿದಿತ್ತು.

ನಿಮ್ಮ ತಮ್ಮನಿಗೆ ಬಂದಿದೆ ಅಂದ ಥೈಲ್ಯಾಂಡ್ ಡೇಟಾ ಎಂಟ್ರಿ ಆಫರ್ ಬಗ್ಗೆ ಮಾತ್ರ ಇವತ್ತೇ ಫೋನ್ ಮಾಡಿ, ಬೇಡ ಅನ್ನಿ. ಮಾತುಕತೆ ಟೆಲಿಗ್ರಾಂಗೆ ಹೋಗಿದೆ, ಟಿಕೆಟ್ ಅವರೇ ಕೊಡ್ತಾರೆ ಅಂದ್ರೆ ಸಾಕು. ಹೀಗೆ ಹೋದವರನ್ನ ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಿದ್ದಾರೆ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನ ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತರಬೇಕಾಯ್ತು.

ಶನಿವಾರ ಸಂಜೆ ಲ್ಯಾಪ್‌ಟಾಪು, ಆ ಕಾರ್ಡು ಎರಡೂ ತಗೊಂಡು ಮನೆಗೆ ಬನ್ನಿ, ಮೊದಲ ಸಾಲು ಕೂತು ಬರೆಯೋಣ. ನಾಲ್ಕು ಹೋಳಿಗೆ ಫ್ರೀಜರ್‌ನಲ್ಲಿ ಇನ್ನೂ ಇವೆ.