ಗೈಡ್ ಇಲ್ಲದೆ ನಾವೇ ಕಾರು ಓಡಿಸಿಕೊಂಡು ಸಫಾರಿಗೆ ಹೋದರೆ ಪ್ರಾಣಿಗಳು ಕಾಣುತ್ತವೆಯೇ, ಒಳ್ಳೆಯ ಫೋಟೋ ಸಿಗುತ್ತದೆಯೇ?

ಪುಣೆಯಲ್ಲಿರುವ ನೀವು ಮತ್ತು ನಿಮ್ಮ ಪತ್ನಿ ಮುಂದಿನ ವರ್ಷ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಬಾಡಿಗೆ ಕಾರನ್ನು ನೀವೇ ಓಡಿಸಿಕೊಂಡು ಸಫಾರಿ ಮಾಡಬೇಕೆಂದಿದ್ದೀರಿ. ಗೈಡ್ ಇಲ್ಲದಿದ್ದರೆ ಏನಾದರೂ ಕಣ್ಣಿಗೆ ಬೀಳುತ್ತದೆಯೇ, ಅದಕ್ಕೆಂದೇ ದುಬಾರಿ ಲೆನ್ಸ್ ಕೊಳ್ಳಬೇಕೇ, ಕ್ಯಾಮೆರಾದಲ್ಲಿ ಆಸಕ್ತಿಯಿಲ್ಲದ ಪತ್ನಿಗೆ ಬೇಸರವಾಗದೇ ಎಂದು ಕೇಳಿದ್ದೀರಿ. ನಾನು ಮೂಲತಃ ಧಾರವಾಡದವನು, ಪುಣೆಯ ಕೋಥರೂಡಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ನಿಮ್ಮಂತೆಯೇ ಹೆಂಡತಿಯೊಡನೆ ಕ್ರೂಗರ್‌ಗೆ ಹೋಗಿ ಒಂಬತ್ತು ದಿನ ಕಾರು ಓಡಿಸಿ ಬಂದವನಾದ್ದರಿಂದ ಉತ್ತರಿಸುತ್ತಿದ್ದೇನೆ. ಪ್ರಾಣಿಗಳು ಖಂಡಿತ ಕಾಣುತ್ತವೆ. ಆದರೆ ಕಾರು ಓಡಿಸುವುದಕ್ಕಿಂತ ಕಾರು ನಿಲ್ಲಿಸಿಕೊಂಡು ಕೂರುವುದನ್ನು ನೀವು ಮೊದಲು ಕಲಿಯಬೇಕು, ಮತ್ತು ಅದನ್ನು ಕಲಿಯಲು ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ.

ನಮ್ಮ ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಸ್ವಂತ ವಾಹನಕ್ಕೆ ಪ್ರವೇಶವಿಲ್ಲ. ತಾಡೋಬಾದಲ್ಲಾಗಲಿ ನಾಗರಹೊಳೆಯಲ್ಲಾಗಲಿ ನಿಗದಿತ ಜಿಪ್ಸಿ ಅಥವಾ ಬಸ್ಸಿನಲ್ಲಿ ಕುಳಿತು, ಚಾಲಕ ನಿಲ್ಲಿಸಿದಲ್ಲಿ ನಿಂತು, ಹೊರಟಾಗ ಹೊರಡಬೇಕು. ಹೀಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಕಾಡಿನಲ್ಲಿ ತಾವೇ ನಿರ್ಧಾರ ಮಾಡಿ ಅಭ್ಯಾಸವಿರುವುದಿಲ್ಲ. ಪುಣೆಯವರಿಗೆ ಮಾತ್ರ ಒಂದು ಅನುಕೂಲವಿದೆ. ಸೊಲ್ಲಾಪುರ ಹೆದ್ದಾರಿಯಲ್ಲಿ ಚೌಫುಲಾದವರೆಗೆ ಹೋಗಿ ಬಲಕ್ಕೆ ತಿರುಗಿದರೆ, ನಗರದಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ, ಬಾರಾಮತಿ ತಾಲ್ಲೂಕಿನ ಸುಪೆ ಗ್ರಾಮದ ಬಳಿ ಮಯೂರೇಶ್ವರ ಅಭಯಾರಣ್ಯ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಮೊದಲನೆಯದಾದ ಮೋರಗಾಂವದ ಮಯೂರೇಶ್ವರನಿಂದಲೇ ಅದಕ್ಕೆ ಆ ಹೆಸರು. ಐದು ಚದರ ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು ವಿಸ್ತಾರದ, ಕುರುಚಲು ಗಿಡಗಳ ಬಯಲು ಅದು, ಚಿಂಕಾರ ಎಂಬ ಸಣ್ಣ ಹುಲ್ಲೆಗಳಿಗಾಗಿ ಪ್ರಸಿದ್ಧ. ನಾನು ಹೋದಾಗಲೆಲ್ಲ ಶುಲ್ಕ ಕಟ್ಟಿ ಸ್ವಂತ ಕಾರನ್ನೇ ಒಳಗಿನ ಮಣ್ಣಿನ ದಾರಿಯಲ್ಲಿ ಒಯ್ದಿದ್ದೇನೆ. ಆದರೂ ಹೊರಡುವ ಮೊದಲು ಈಗಿನ ನಿಯಮವನ್ನು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಲ್ಲಿಗೆ ಮೊದಲ ಎರಡು ಸಲ ಹೋದಾಗ ನಾನು ಇಡೀ ಅಭಯಾರಣ್ಯವನ್ನು ಗಂಟೆಯೊಳಗೆ ಮೂರು ಸುತ್ತು ಹಾಕಿದೆ. ಕಂಡದ್ದು ದೂರದಲ್ಲಿ ಓಡಿಹೋಗುತ್ತಿದ್ದ ಚಿಂಕಾರಗಳ ಹಿಂಭಾಗ ಮಾತ್ರ. ಮೂರನೆಯ ಸಲ ಫ್ಲಾಸ್ಕಿನ ಚಹಾ ಕುಡಿಯಲೆಂದು ಒಂದು ಬನ್ನಿ ಗಿಡದ ಪಕ್ಕ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ ಕುಳಿತೆವು. ಇಪ್ಪತ್ತು ನಿಮಿಷ ಕಳೆದಿರಬಹುದು, ಅಷ್ಟು ಹೊತ್ತು ಕಲ್ಲೆಂದೇ ಭಾವಿಸಿದ್ದ ಒಂದು ಕಂದು ಗುಡ್ಡೆ ಕಿವಿ ಆಡಿಸಿತು. ನೋಡುತ್ತಿದ್ದಂತೆ ಅದರ ಹಿಂದೆ ಇನ್ನೆರಡು ಎದ್ದು ನಿಂತವು. ಗಂಡು ಚಿಂಕಾರ ಮುಂಗಾಲಿನಿಂದ ನೆಲವನ್ನು ಒಮ್ಮೆ ಒದೆಯಿತು, ಕಪ್ಪು ಬಾಲವನ್ನು ಎಡಕ್ಕೂ ಬಲಕ್ಕೂ ಚಟಪಟನೆ ಬೀಸಿತು, ಕಾರಿನತ್ತ ಒಂದು ನಿಮಿಷ ದಿಟ್ಟಿಸಿ, ಇದರಿಂದ ಅಪಾಯವಿಲ್ಲವೆಂದು ತೀರ್ಮಾನಿಸಿದಂತೆ ತಲೆ ತಗ್ಗಿಸಿ ಮೇಯತೊಡಗಿತು. ಅದರ ಕೊಂಬಿನ ಉಂಗುರಗಳನ್ನು ಎಣಿಸುವಷ್ಟು ಹತ್ತಿರದಲ್ಲಿ ನಾವಿದ್ದೆವು. ಆಗ ನಾನು ಮಾಡಿದ ತಪ್ಪೆಂದರೆ, ಇನ್ನೂ ಒಳ್ಳೆಯ ಕೋನಕ್ಕಾಗಿ ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟದ್ದು. ಅವು ಎತ್ತ ಹೋದವೆಂಬುದೂ ತಿಳಿಯಲಿಲ್ಲ.

ಸ್ವಂತ ಕಾರಿನ ಸಫಾರಿಯ ಮರ್ಮವೆಲ್ಲ ಆ ಒಂದು ಕಾಲಿನಲ್ಲಿತ್ತು. ಪ್ರಾಣಿಗೆ ಕಾರು ಒಂದು ಇಡಿಯಾದ ವಸ್ತು. ದಿನವೂ ನೋಡಿ ರೂಢಿಯಾದ, ಬೆನ್ನಟ್ಟದ ವಸ್ತು. ಅದರೊಳಗಿಂದ ಮನುಷ್ಯನ ಆಕಾರ ಬೇರೆಯಾಗಿ ಹೊರಬಂದ ಕ್ಷಣ ಲೆಕ್ಕ ಬದಲಾಗುತ್ತದೆ. ಕ್ರೂಗರ್‌ನಲ್ಲಿ ಪ್ರವಾಸಿಗರ ಕಾರುಗಳಿಗೆ ಮೊದಲು ಪ್ರವೇಶ ಸಿಕ್ಕಿದ್ದು 1927ರಲ್ಲಿ, ಆ ವರ್ಷ ಬಂದದ್ದು ಮೂರೇ ಕಾರುಗಳು. ಅಂದಿನಿಂದ ಅಲ್ಲಿನ ಪ್ರಾಣಿಗಳು ತಲೆಮಾರುಗಳಿಂದ ಕಾರನ್ನು ಕಂಡಿವೆ, ಆದ್ದರಿಂದ ಸಿಂಹ ನಿಮ್ಮ ಬಾಗಿಲಿಗೆ ತಾಗುವಂತೆ ನಡೆದುಹೋದರೂ ಒಳಗಿರುವವರತ್ತ ಕಣ್ಣೆತ್ತಿ ನೋಡದಿರಬಹುದು. ನಿಗದಿತ ಸ್ಥಳಗಳನ್ನು ಬಿಟ್ಟು ಬೇರೆಲ್ಲೂ ಇಳಿಯಬಾರದು, ಕಿಟಕಿಯಿಂದಾಗಲಿ ಸನ್‌ರೂಫಿನಿಂದಾಗಲಿ ಮೈ ಹೊರಗೆ ಚಾಚಬಾರದು ಎಂಬ ನಿಯಮ ನಿಮ್ಮ ಜೀವದ ಜೊತೆಗೆ ಆ ನಂಬಿಕೆಯನ್ನೂ ಕಾಪಾಡುತ್ತದೆ.

ಈಗ ಗೈಡಿನ ವಿಷಯ. ಗೈಡಿಗೆ ಇರುವುದು ಮಂತ್ರವಿದ್ಯೆಯಲ್ಲ, ಕಣ್ಣಿನ ರೂಢಿ. ಇಡೀ ಪ್ರಾಣಿಯನ್ನು ಹುಡುಕಿದರೆ ಅದು ಕಾಣುವುದೇ ಇಲ್ಲ. ನೆಟ್ಟಗೆ ನಿಂತ ಮರಗಳ ನಡುವೆ ಅಡ್ಡಗೆರೆಯೊಂದು ಕಂಡರೆ ಅದು ಯಾವುದಾದರೂ ಪ್ರಾಣಿಯ ಬೆನ್ನಾಗಿರಬಹುದು. ಮೇಯುತ್ತಿದ್ದ ಇಂಪಾಲ ಜಿಂಕೆಗಳೆಲ್ಲ ತಲೆಯೆತ್ತಿ ಒಂದೇ ದಿಕ್ಕಿಗೆ ನೋಡುತ್ತಿದ್ದರೆ, ನೀವೂ ಅವುಗಳನ್ನು ಬಿಟ್ಟು ಆ ದಿಕ್ಕಿಗೇ ನೋಡಬೇಕು. ಜಿರಾಫೆ ಮೇಯುವುದನ್ನು ನಿಲ್ಲಿಸಿ ಎವೆಯಿಕ್ಕದೆ ಒಂದು ಪೊದೆಯನ್ನೇ ನೋಡುತ್ತಿದ್ದರೆ ಅದರ ಮಾತನ್ನು ನಂಬಿರಿ, ಅದಕ್ಕೆ ನಿಮಗಿಂತ ಎತ್ತರದ ಕಣ್ಣುಗಳಿವೆ. ಬಿಸಿಲೇರಿದ ಮೇಲೂ ರಣಹದ್ದುಗಳು ಒಂದೇ ಮರದ ಮೇಲೆ ಸಾಲಾಗಿ ಕುಳಿತಿದ್ದರೆ ಕೆಳಗೆ ಬೇಟೆ ಬಿದ್ದಿರುವ ಸಂಭವವಿದೆ. ಸುಪೆಯಲ್ಲಿ ಇದೇ ಕೆಲಸವನ್ನು ಟಿಟ್ಟಿಭ ಮಾಡುತ್ತದೆ. ಅದು ಒಂದೇ ಸಮನೆ ಕೂಗುತ್ತ ಒಂದು ಜಾಗದ ಮೇಲೆ ಸುತ್ತುತ್ತಿದ್ದರೆ ಅಲ್ಲಿ ನಾಯಿಯೋ ನರಿಯೋ ಅಡ್ಡಾಡುತ್ತಿದೆ ಎಂದು ತಿಳಿಯಬಹುದು. ಕ್ರೂಗರ್‌ನ ಒಳಗೆ ಪ್ರವಾಸಿಗರು ತಂಗುವ ಶಿಬಿರಗಳಲ್ಲಿ ಆ ದಿನ ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಪ್ರವಾಸಿಗರು ಬಣ್ಣಬಣ್ಣದ ಗುರುತು ಅಂಟಿಸುವ ನಕ್ಷೆಯ ಹಲಗೆಗಳೂ ಇರುತ್ತವೆ. ಆದರೆ ಅವು ನಿನ್ನೆಯ ಸುದ್ದಿಪತ್ರಿಕೆಯಂತೆ, ಓದಬೇಕು, ನೆಚ್ಚಿಕೊಳ್ಳಬಾರದು. ಘೇಂಡಾಮೃಗ ಕಂಡ ಜಾಗವನ್ನು ಮಾತ್ರ ಯಾರಿಗೂ ಹೇಳಬೇಡಿ, ಸ್ಥಳದ ವಿವರವಿರುವ ಚಿತ್ರವನ್ನು ಜಾಲತಾಣಕ್ಕೆ ಹಾಕಬೇಡಿ. ಕೊಂಬಿಗಾಗಿ ಅವುಗಳನ್ನು ಕೊಲ್ಲುವ ಕಳ್ಳಬೇಟೆಗಾರರೂ ಜಾಲತಾಣಗಳನ್ನು ನೋಡುತ್ತಾರೆ.

ಕ್ರೂಗರ್‌ನ ವಿಸ್ತಾರ 19,000 ಚದರ ಕಿಲೋಮೀಟರಿಗೂ ಹೆಚ್ಚು, ಎಂದರೆ ನಮ್ಮ ಇಡೀ ಪುಣೆ ಜಿಲ್ಲೆಗಿಂತ ದೊಡ್ಡದು. ಉತ್ತರ ದಕ್ಷಿಣವಾಗಿ ಅದರ ಉದ್ದ ಹೆಚ್ಚುಕಡಿಮೆ ಪುಣೆಯಿಂದ ಬೆಳಗಾವಿಯಷ್ಟು. ಇದನ್ನು ಕೇಳಿದ ಕೂಡಲೇ ನಮ್ಮವರು ಎಲ್ಲವನ್ನೂ ನೋಡಿ ಮುಗಿಸುವ ಯೋಜನೆ ಹಾಕುತ್ತಾರೆ. ದಯವಿಟ್ಟು ಬೇಡ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿಲೋಮೀಟರ್ ಎಂಬುದು ಕಾನೂನಿನ ಮಿತಿ. ಪ್ರಾಣಿ ಕಾಣಬೇಕಾದರೆ 25 ದಾಟಬಾರದು ಎಂಬುದು ನನ್ನ ಮಿತಿ. ಸ್ಕುಕುಜಾ ಶಿಬಿರದಿಂದ ಸತಾರಾ ಶಿಬಿರಕ್ಕೆ ಸುಮಾರು 90 ಕಿಲೋಮೀಟರ್ (ನಮ್ಮ ಸಾತಾರಾ ಅಲ್ಲ, ಆದರೂ ಫಲಕ ಕಂಡಾಗಲೆಲ್ಲ ಮನಸ್ಸು ಪುಣೆಯಿಂದ ಸಾತಾರಾಕ್ಕೆ ಹೋಗುವ ದಾರಿಯ ಖಂಬಾಟಕಿ ಘಾಟ್ ಹತ್ತುತ್ತದೆ). ಆ ದೂರಕ್ಕೆ ನಾಲ್ಕು ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಕತ್ತಲಾಗುವ ಮೊದಲೇ ಶಿಬಿರದ ಗೇಟು ಮುಚ್ಚುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಸಂಜೆ ಐದೂವರೆಗೇ. ತಡವಾಗಿ ಬಂದವರಿಗೆ ದಂಡವಿದೆ. ನನ್ನ ಸಲಹೆ ಎರಡೇ ಶಿಬಿರಗಳಲ್ಲಿ ನಾಲ್ಕು ನಾಲ್ಕು ದಿನ ಉಳಿಯುವುದು, ಮತ್ತು ಮೊದಲ ಸಂಜೆ ಉದ್ಯಾನದವರೇ ನಡೆಸುವ ಸೂರ್ಯಾಸ್ತದ ಸಫಾರಿಗೆ ಅವರ ವಾಹನದಲ್ಲಿ ಹೋಗಿಬರುವುದು. ಗೈಡ್ ಎಲ್ಲೆಲ್ಲಿ ಕಣ್ಣು ಹಾಯಿಸುತ್ತಾನೆಂಬುದನ್ನು ಆ ಮೂರು ಗಂಟೆಯಲ್ಲಿ ಗಮನಿಸಿದರೆ ಉಳಿದ ದಿನಗಳಿಗೆ ಸಾಕಾಗುತ್ತದೆ.

ಲೋವರ್ ಸಾಬಿ ಶಿಬಿರದ ಹತ್ತಿರ ಸನ್‌ಸೆಟ್ ಡ್ಯಾಂ ಎಂಬ ಕೆರೆಯಿದೆ, ರಸ್ತೆ ನೀರಿನ ಅಂಚಿಗೇ ಹೋಗುತ್ತದೆ. ಬಂದ ಕಾರುಗಳು ಐದು ನಿಮಿಷ ನಿಂತು, ನಾಲ್ಕು ನೀರಾನೆಗಳನ್ನು ಎಣಿಸಿ ಹೊರಟುಹೋಗುತ್ತಿದ್ದವು. ನಾವು ಒಂದು ಬೆಳಿಗ್ಗೆ ಮೂರು ಗಂಟೆ ಅಲ್ಲೇ ಕುಳಿತೆವು. ನೀರಾನೆಯ ಬೆನ್ನ ಮೇಲೆ ಬಂದಿಳಿದ ಬೂದು ಬಕವೊಂದು ಅಂಬಿಗನ ದೋಣಿ ಹತ್ತಿದವರಂತೆ ಗಂಭೀರವಾಗಿ ನಿಂತು ಕೆರೆಯನ್ನು ಅಡ್ಡ ದಾಟಿತು. ನಡುವೆ ನೀರಾನೆ ಮುಳುಗತೊಡಗಿದಾಗ ಕಾಲು ಒದ್ದೆಯಾಗುವವರೆಗೂ ಕದಲದೆ, ಕೊನೆಯ ಗಳಿಗೆಯಲ್ಲಿ ಎದ್ದು ಹಾರಿತು. ಒಂಬತ್ತು ದಿನಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಫೋಟೋ ಅದೇ, ಅದರಲ್ಲಿ ಸಿಂಹವೂ ಇಲ್ಲ, ಚಿರತೆಯೂ ಇಲ್ಲ.

ಲೆನ್ಸ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 100-400 ಮಿಲಿಮೀಟರಿನ ಜೂಮ್ ಲೆನ್ಸ್ ಸಾಕು. ಸಣ್ಣ ಸಂವೇದಕದ (ಸೆನ್ಸರ್) ಕ್ಯಾಮೆರಾ ಆಗಿದ್ದರೆ ಅದೇ 600ರಷ್ಟು ಹತ್ತಿರದ ನೋಟ ಕೊಡುತ್ತದೆ. ಪುಣೆಯಲ್ಲಿ ಲೆನ್ಸ್‌ಗಳು ದಿನದ ಬಾಡಿಗೆಗೆ ಸಿಗುತ್ತವೆ, ಕೊಳ್ಳುವ ಮೊದಲು ಒಂದನ್ನು ತಂದು ಸುಪೆಯಲ್ಲೋ, ರಾಜಹಂಸಗಳಿಗೆ ಪ್ರಸಿದ್ಧವಾದ ಭಿಗವಣದ ಉಜನಿ ಹಿನ್ನೀರಿನಲ್ಲೋ ಪ್ರಯೋಗಿಸಿ ನೋಡಿ. ಲೆನ್ಸಿಗಿಂತ ಮುಖ್ಯವಾದದ್ದು ಅದಕ್ಕೆ ಕೊಡುವ ಆಸರೆ. ಕಾರಿನಲ್ಲಿ ಟ್ರೈಪಾಡ್ ನಿಲ್ಲುವುದಿಲ್ಲ. ನನ್ನ ಹೆಂಡತಿ ಹಳೆಯ ಜೀನ್ಸಿನ ಕಾಲನ್ನು ಕತ್ತರಿಸಿ, ಒಂದು ತುದಿ ಹೊಲಿದು, ಇನ್ನೊಂದಕ್ಕೆ ಲಾಡಿ ಹಾಕಿ ಚೀಲ ಮಾಡಿಕೊಟ್ಟಳು. ವಿಮಾನದಲ್ಲಿ ಖಾಲಿ ಚೀಲ ಒಯ್ದು, ಅಲ್ಲಿನ ಅಂಗಡಿಯಲ್ಲಿ ಎರಡು ಕಿಲೋ ಅಕ್ಕಿ ಕೊಂಡು ತುಂಬಿದರೆ ಕಿಟಕಿಯ ಅಂಚಿನ ಮೇಲೆ ಲೆನ್ಸ್ ಕಲ್ಲಿನಂತೆ ಕೂರುತ್ತದೆ. ಆ ಚೀಲವನ್ನು ಶಿಬಿರದಲ್ಲಿ ಕಾರಿನ ಬಾನೆಟ್ ಮೇಲೆ ಬಿಟ್ಟು ನಾನು ಕಾಫಿಗೆ ಹೋದಾಗ, ಕೋತಿಯೊಂದು ಲಾಡಿ ಬಿಚ್ಚಿ ಅರ್ಧ ಅಕ್ಕಿ ನೆಲಕ್ಕೆ ಸುರಿದಿತ್ತು. ಅಲ್ಲಿನ ಕೋತಿಗಳೂ ನಮ್ಮ ಚಾಮುಂಡಿ ಬೆಟ್ಟದವುಗಳಷ್ಟೇ ಚುರುಕು.

ಹೊಸಬರ ಚಿತ್ರಗಳು ಕೆಡುವುದು ಹೆಚ್ಚಾಗಿ ಎರಡು ಕಾರಣಗಳಿಂದ. ಒಂದು, ಎಂಜಿನ್ ಚಾಲೂ ಇಟ್ಟು ತೆಗೆಯುವುದು. ಅದರ ನಡುಕ ಕಣ್ಣಿಗೆ ತಿಳಿಯದಿದ್ದರೂ ಚಿತ್ರದಲ್ಲಿ ತಿಳಿಯುತ್ತದೆ. ಎರಡು, ಏಸಿ ಹಾಕಿಕೊಂಡು ಬಂದು ದಿಢೀರನೆ ಗಾಜು ಇಳಿಸಿ ತೆಗೆಯುವುದು. ಒಳಗಿನ ತಂಪು ಗಾಳಿಯೂ ಹೊರಗಿನ ಬಿಸಿ ಗಾಳಿಯೂ ಕಿಟಕಿಯಲ್ಲಿ ಬೆರೆಯುವಾಗ ಬೆಳಕು ಬಾಗಿ ನೋಟ ಕದಡುತ್ತದೆ, ಆಗ ಲಕ್ಷ ರೂಪಾಯಿಯ ಲೆನ್ಸೂ ಮಂಜುಗಣ್ಣಿನಂತೆ ವರ್ತಿಸುತ್ತದೆ. ಮುಂಜಾನೆಯಿಂದಲೇ ಏಸಿ ಇಲ್ಲದೆ, ಗಾಜು ಇಳಿಸಿಕೊಂಡೇ ಓಡಿಸಿ. ಹತ್ತು ಗಂಟೆಯ ನಂತರ ನೆಲ ಕಾದು ದೂರದ ಪ್ರಾಣಿಗಳು ಅಲುಗಾಡಿದಂತೆ ಕಾಣುತ್ತವೆ. ಆಗ ಕ್ಯಾಮೆರಾ ಬದಿಗಿಟ್ಟು ಸುಮ್ಮನೆ ನೋಡುವುದೇ ಜಾಣತನ. ಶಟರ್ ವೇಗವನ್ನು ಸೆಕೆಂಡಿನ 1000ದಲ್ಲಿ ಒಂದು ಭಾಗಕ್ಕೆ, ಹಾರುವ ಹಕ್ಕಿಗಾದರೆ 2000ದಲ್ಲಿ ಒಂದಕ್ಕೆ ಇಟ್ಟು, ಐಎಸ್‌ಒ ಎಂಬ ಬೆಳಕಿನ ಸಂವೇದನೆಯ ಅಳತೆಯನ್ನು ಕ್ಯಾಮೆರಾಗೇ ಬಿಟ್ಟರೆ ಬಹುತೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ. ಕಣ್ಣು ಸ್ಪಷ್ಟವಾಗಿರಲಿ, ಉಳಿದದ್ದು ಮಸುಕಾದರೂ ಚಿತ್ರ ನಿಲ್ಲುತ್ತದೆ. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ, ಬಲಬದಿಯ ಸ್ಟೀರಿಂಗ್. ಇಬ್ಬರಲ್ಲಿ ಒಬ್ಬರು ಓಡಿಸುವಾಗ ಫೋಟೋ ತೆಗೆಯುವವರು ಹಿಂದಿನ ಸೀಟಿನಲ್ಲಿ ಕುಳಿತರೆ ಎರಡೂ ಕಿಟಕಿಗಳು ಅವರದಾಗುತ್ತವೆ.

ಎಂಜಿನ್ ಆಫ್ ಮಾಡಬೇಕೆಂದೆನಲ್ಲ, ಅದಕ್ಕೊಂದು ಅಪವಾದವಿದೆ, ಅದು ಆನೆ. ನಾಲ್ಕನೆಯ ದಿನ ಹಿಂಡೊಂದು ಮಣ್ಣಿನ ರಸ್ತೆ ದಾಟುತ್ತಿತ್ತು. ಕೊನೆಯಲ್ಲಿ ಉಳಿದ ಮರಿಯ ಚಿತ್ರಕ್ಕಾಗಿ ನಾನು ಕಾರನ್ನು ಹತ್ತು ಅಡಿ ಮುಂದೆ ತಂದೆ. ಆಗಲೇ ದಾಟಿಹೋಗಿದ್ದ ತಾಯಿಗೂ ಮರಿಗೂ ನಡುವೆ ನಾನು ಬಂದುಬಿಟ್ಟಿದ್ದೇನೆಂಬುದು ತಿಳಿದದ್ದು ಆಕೆ ಕಿವಿಗಳನ್ನು ಅಗಲವಾಗಿ ಹರಡಿ, ತಲೆಯೆತ್ತಿ, ನನ್ನತ್ತ ನೇರವಾಗಿ ತಿರುಗಿದಾಗ. ರಿವರ್ಸ್ ಗೇರಿನಲ್ಲಿ ಅಷ್ಟು ನೆಟ್ಟಗೆ ನಾನು ಎಂದೂ ಕಾರು ಓಡಿಸಿಲ್ಲ. ಕ್ಯಾಮೆರಾ ಸೀಟಿನ ಕೆಳಗೆ ಬಿದ್ದಿತ್ತು, ಚಿತ್ರ ಇಲ್ಲ. ಆನೆಗಳಿದ್ದಾಗ ದೂರದಲ್ಲೇ ನಿಲ್ಲಿ, ಎಂಜಿನ್ ಚಾಲೂ ಇರಲಿ, ಹಿಂದೆ ಸರಿಯಲು ದಾರಿ ತೆರವಾಗಿರಲಿ, ನಿಮ್ಮ ಹಿಂದೆ ಇನ್ನೊಂದು ಕಾರು ಬಂದು ಒತ್ತಿ ನಿಲ್ಲದಂತೆ ಕನ್ನಡಿಯ ಮೇಲೆ ಗಮನವಿರಲಿ. ಒಂಟಿ ಸಲಗ ಮೂತ್ರ ತೊಟ್ಟಿಕ್ಕಿಸುತ್ತ, ಗಾಢ ವಾಸನೆ ಬೀರುತ್ತ ರಸ್ತೆಯ ಮೇಲೆ ಎದುರು ಬರುತ್ತಿದ್ದರೆ ಅದು ಮದವೇರಿದ ಆನೆ. ರಸ್ತೆ ಅದರದು, ನೀವು ಹಿಂದಿರುಗಿ.

ಉಳಿದ ತಯಾರಿ ದೊಡ್ಡದೇನಲ್ಲ. ಆರ್‌ಟಿಓದಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಮಲೇರಿಯಾ ಇರುವ ಪ್ರದೇಶವಾದ್ದರಿಂದ ಮೊದಲೇ ವೈದ್ಯರನ್ನು ಕಾಣಿ. ಹುಲ್ಲು ಒಣಗಿ, ಪ್ರಾಣಿಗಳು ನೀರಿನ ಬಳಿಗೆ ಬರುವ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ ಹೊಸಬರಿಗೆ ಅನುಕೂಲ. ಸಾಧಾರಣ ಸಣ್ಣ ಕಾರು ಸಾಕು, ಮುಖ್ಯ ರಸ್ತೆಗಳೆಲ್ಲ ಡಾಂಬರಿನವು. ಡ್ರೋನ್ ಒಯ್ಯಬೇಡಿ, ನಿಷೇಧವಿದೆ.

ಇನ್ನು ನಿಮ್ಮ ಪತ್ನಿಯ ಬೇಸರದ ಮಾತು. ಅವರ ಕೈಗೆ 8x42 ಅಳತೆಯ, ಎಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಒಂದು ಒಳ್ಳೆಯ ದುರ್ಬೀನು ಕೊಡಿ, ಮುಂದಿನ ಸೀಟು ಬಿಟ್ಟುಕೊಡಿ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣು ತೂರಿಸಿದವನಿಗಿಂತ ಅವರಿಗೇ ಹೆಚ್ಚು ಕಾಣುತ್ತದೆ. ಸಾಬಿ ನದಿಯ ದಡದಲ್ಲಿ, ನಮ್ಮ ಊರುಗಳ ಉದ್ಯಾನಗಳಲ್ಲೂ ಬೆಳೆಸುವ ಆನೆ ತೊರಡುಕಾಯಿಯ ಮರವೊಂದರ ಕೆಳಗೆ ನಾವು ನಿಂತಿದ್ದೆವು. ಉದ್ದುದ್ದ ಕಾಯಿಗಳು ಜೋತುಬಿದ್ದಿದ್ದವು. ನಾನು ಎದುರು ದಡದ ಮೊಸಳೆಯ ಮೇಲೆ ಫೋಕಸ್ ಮಾಡುತ್ತಿದ್ದಾಗ ನನ್ನಾಕೆ ಪಿಸುದನಿಯಲ್ಲಿ, "ಆ ಒಂದು ಕಾಯಿ ಅಳ್ಳಾಡಿತು ನೋಡ್ರಿ, ಗಾಳೀನ ಇಲ್ಲ," ಎಂದಳು. ಕಾಯಿಯ ತುದಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು, ಅದಕ್ಕೆ ಕಪ್ಪು ಚುಕ್ಕೆಗಳಿದ್ದವು. ಅದರ ಮೇಲಿನ ಕೊಂಬೆಯಲ್ಲಿ ಉಳಿದ ಚಿರತೆ ಮಲಗಿತ್ತು. ನಾನು ಲೆನ್ಸ್ ತಿರುಗಿಸುವಷ್ಟರಲ್ಲಿ ಅದು ಎದ್ದು ಕಾಂಡದ ಆಚೆ ಬದಿಯಿಂದ ಇಳಿದುಹೋಯಿತು. ನನಗೆ ಸಿಕ್ಕಿದ್ದು ಬಾಲದ ಚಿತ್ರ ಮಾತ್ರ, ಅವಳು ದುರ್ಬೀನಿನಲ್ಲಿ ಇಡೀ ಚಿರತೆಯನ್ನು ನೋಡಿದಳು.